ಪಾಸ್ಕಲ ಬಂದರೆ ಬಜಪೆಗೆ ಕಳಿಸಿ

ಮಣ್ಣಗುಡ್ಡದ ಬಾಡಿಗೆ ಮನೆಗೆ ನಾವು ಬಂದ ಮಾರನೆಯ ಬೆಳಿಗ್ಗೆ, ವಯಸ್ಸಾದ ಹೆಂಗಸೊಬ್ಬರು ಗೇಟಿನ ಬಳಿ ನಿಂತು ಅಂಗಳವನ್ನೇ ನೋಡುತ್ತಿದ್ದರು. ನಮಗಿಂತ ಮೊದಲು ಆ ಮನೆಯಲ್ಲಿದ್ದ ಮೋನಿಕಾ ಬಾಯಿ ಅವರು. ಈಗ ಬಜಪೆಯಲ್ಲಿ ತಮ್ಮನ ಮನೆ ಸೇರಿದ್ದರು. ಟಪಾಲು ಬಂದರೆ ತೆಗೆದಿಡುತ್ತೇನೆ ಎಂದೆ.

"ಕಾಗದದ್ದು ಎಂತ ತೊಂದರೆ ಇಲ್ಲಮ್ಮ. ಪೋಸ್ಟಾಫೀಸಿಗೆ ಅರ್ಜಿ ಕೊಟ್ಟಿದ್ದೇನೆ. ಇಲ್ಲಿಯ ವಿಳಾಸ ಹೊಡೆದುಹಾಕಿ, ಬಜಪೆಯದ್ದು ಬರೆದು ಅವರೇ ಕಳಿಸ್ತಾರೆ. ಆದರೆ ನನ್ನ ಪಾಸ್ಕಲ ನಡೆದು ಬರುವವನು. ಅವನಿಗೆ ಗೊತ್ತಿರುವುದು ಈ ಮನೆ ಒಂದೇ."

ಮಗ ರಂಗೂನಿನಲ್ಲಿ ಕೆಲಸಕ್ಕಿದ್ದನಂತೆ. ಅಲ್ಲಿ ಬಾಂಬು ಬಿದ್ದ ಮೇಲೆ ಹತ್ತಾರು ಜನರೊಂದಿಗೆ ಕಾಡುದಾರಿ ಹಿಡಿದು ಹೊರಟನೆಂಬುದೇ ಕಡೆಯ ಸುದ್ದಿ. ಬಂದರೆ ಊಟ ಹಾಕಿ ಬಜಪೆಗೆ ಕಳಿಸುತ್ತೇನೆಂದು ಮಾತು ಕೊಟ್ಟೆ. ಒಳಗೆ ಕರೆದರೆ ಅವರು ಬರಲಿಲ್ಲ. ಬಂದರೆ ಹಿಂದೆ ಹೋಗಲಿಕ್ಕೆ ಮನಸ್ಸಾಗುವುದಿಲ್ಲ ಎಂದರು.

ಮುಂದೆ ಗೇಟಿನ ಎದುರು ಯಾರಾದರೂ ನಡಿಗೆ ನಿಧಾನ ಮಾಡಿದರೆ ಸಾಕು, ಒಲೆಯ ಮೇಲಿನದ್ದನ್ನು ಬಿಟ್ಟು ಹೊರಗೆ ಬರುತ್ತಿದ್ದೆ. ಯಾರೂ ಅವನಾಗಿರಲಿಲ್ಲ. ಯುದ್ಧ ಮುಗಿದ ಮೇಲೆ ನಾವೂ ಆ ಮನೆ ಬಿಟ್ಟೆವು. ನಮ್ಮ ಕಾಗದಗಳಿಗೆಂದು ಪೋಸ್ಟಾಫೀಸಿಗೆ ಅರ್ಜಿ ಕೊಟ್ಟು ಬಂದು, ಹೊಸ ಬಾಡಿಗೆಯವರಿಗೆ ಪಾಸ್ಕಲನ ವಿಷಯ ಹೇಳಿದೆ. "ನೋಡ್ಲಿಕ್ಕೆ ಹೇಗಿದ್ದಾನೆ?" ಎಂದು ಆ ಮನೆಯಾಕೆ ಕೇಳಿದಳು.

ಎತ್ತರದ ಆಳು, ತಾಯಿಯದ್ದೇ ಕಣ್ಣು ಎಂದು ತಡವರಿಸದೆ ಹೇಳಿಬಿಟ್ಟೆ. ಅವನನ್ನು ನಾನು ಒಮ್ಮೆಯೂ ಕಂಡಿಲ್ಲವೆಂಬುದು ಬೀದಿಗೆ ಬಂದ ಮೇಲೆಯೇ ನೆನಪಾಯಿತು.