ರೇಡಿಯೋ ಹೇಳದ ಹವಾಮಾನ

ಹೊಸನಗರದಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೇ ಒಂದು ಹೋಟೆಲು. ಅರವತ್ತರ ದಶಕದಲ್ಲಿ ನಮ್ಮ ಬೀದಿಗೆಲ್ಲ ಇದ್ದ ಒಂದೇ ರೇಡಿಯೋ ಆ ಹೋಟೆಲಿನ ಯಜಮಾನರದು. ಹವಾಮಾನ ವರದಿ ಶುರುವಾದರೆ ಕಾವಲಿಯ ಮೇಲಿನ ದೋಸೆಯನ್ನೂ ಬಿಟ್ಟು ಓಡಿಬರುತ್ತಿದ್ದರು. ರೇಡಿಯೋ "ರಾಜ್ಯದ ಒಂದೆರಡು ಕಡೆ ಮಳೆ" ಎಂದು ಸುಮ್ಮನಾಗುತ್ತಿತ್ತು. ಗಿರಾಕಿಗಳಿಗೆ ಬೇಕಾದದ್ದು ತಮ್ಮ ಅಂಗಳದ ಸುದ್ದಿ.

"ಅವ್ರು ಇಡೀ ರಾಜ್ಯಕ್ಕೆ ಹೇಳ್ತಾರೆ, ನಿಮಗೆ ನಾನು ಹೇಳ್ತೀನಿ" ಎಂದು ಹೆಗಲ ಟವೆಲ್ ಕೊಡವಿ, ಉಳುಮೆಗೆ ಕಾದವರಿಗೆ ಮಳೆಯನ್ನೂ ಹಪ್ಪಳ ಒಣಗಿಸುವವರಿಗೆ ಬಿಸಿಲನ್ನೂ ಕೊಡುತ್ತಿದ್ದರು. ಯಾರನ್ನೂ ಬೇಸರದಲ್ಲಿ ಕಳಿಸುವುದು ಅವರಿಂದ ಆಗುತ್ತಿರಲಿಲ್ಲ.

ಒಂದು ಬೇಸಿಗೆಯ ಕೊನೆಯಲ್ಲಿ, ಪಕ್ಕದ ಮನೆಯ ಮೇಷ್ಟ್ರು ಮಗಳ ಮದುವೆಯ ಹಿಂದಿನ ದಿನ ಬಂದು, "ಚಪ್ಪರಕ್ಕೆ ತಗಡು ಹೊದಿಸ್ಬೇಕಾ?" ಎಂದು ಕೇಳಿದರು.

"ಎಂತಕ್ಕೆ ಮಾರಾಯ್ರೆ? ತೆಂಗಿನ ಗರಿ ಸಾಕು. ಒಂದು ಹನಿ ಬೀಳಲ್ಲ."

ಮರುದಿನ ಧಾರೆ ಮುಗಿದು ಎಲೆ ಹಾಕಿ ಬಡಿಸುವಷ್ಟರಲ್ಲಿ ಮಳೆ ಸುರಿಯಿತು. ಬಡಿಸಿದ ಅನ್ನ ಎಲೆಯಲ್ಲೇ ತೇಲಿತು. ಹೋಟೆಲಿನವರು ಮುಖ ಸಣ್ಣದು ಮಾಡಿಕೊಂಡು ಬಂದು, ಬೀಗರನ್ನೆಲ್ಲ ತಮ್ಮ ಹೋಟೆಲಿಗೆ ಕರೆದೊಯ್ದು ಬೆಂಚುಗಳ ಮೇಲೆ ಕೂರಿಸಿ, ಪಂಕ್ತಿ ಪಂಕ್ತಿಯಾಗಿ ತಾವೇ ಬಡಿಸಿದರು. ನಾನೂ ಅಲ್ಲೇ ಉಂಡೆ. ಪಾಯಸ ಬಡಿಸುವಾಗಲೂ ಅವರು ತಲೆ ಎತ್ತಲಿಲ್ಲ.

ಆಮೇಲೆ ಯಾರು ಕೇಳಿದರೂ ರೇಡಿಯೋದ ದನಿ ಜೋರು ಮಾಡಿ, "ಅವ್ರು ಹೇಳಿದ್ದು ಇಷ್ಟೇ" ಎನ್ನುತ್ತಿದ್ದರು. ಗಿರಾಕಿಗಳಿಗೆ ಇದು ರುಚಿಸಲಿಲ್ಲ.

ಮರುವರ್ಷ ಮಗನ ಉಪನಯನದ ಹಿಂದಿನ ದಿನ ಅದೇ ಮೇಷ್ಟ್ರು ಬಂದರು. ಹವಾಮಾನವನ್ನು ಪೂರ್ತಿ ಕೇಳಿ, ತಾವೇ ಎದ್ದು ರೇಡಿಯೋ ಆರಿಸಿದರು.

"ಈಗ ನೀವು ಹೇಳಿ. ತಗಡು ಹೊದಿಸಾಗಿದೆ. ಮನಸ್ಸಿಗೊಂದು ಸಮಾಧಾನ ಬೇಕು, ಅಷ್ಟೇ."