ಕಾಲಿಗೆ ಮೂರು ಸುತ್ತಿನ ಕರಿದಾರ

ಇಲ್ಲ, ಕೈ ತೊಳೆದಿದ್ದೆ. ಸೋಪು ಹಚ್ಚಿ, ಬೆರಳ ಸಂದಿಯನ್ನೂ ಬಿಡದೆ ತೊಳೆದಿದ್ದೆ. ಅಥವಾ ಅದು ಮರುದಿನದ ನೆನಪೋ? ಹುಮನಾಬಾದಿನ ಆ ಆಸ್ಪತ್ರೆಯ ನಲ್ಲಿ, ಗೋಡೆಯ ಮೇಲೆ ಕೈ ತೊಳೆಯುವ ಚಿತ್ರ, ಎಲ್ಲವೂ ಕಣ್ಣ ಮುಂದಿವೆ. ನಲ್ಲಿಯ ಕೆಳಗೆ ನನ್ನ ಕೈ ಮಾತ್ರ ಕಾಣುತ್ತಿಲ್ಲ.

ಮಗಳಿಗೆ ಏಳು ತಿಂಗಳಿಗೇ ಹೆರಿಗೆಯಾಗಿತ್ತು. ಕೂಸು ಗಾಜಿನ ಪೆಟ್ಟಿಗೆಯಲ್ಲಿ. ತೂಕ? ಸಂತೆಯಲ್ಲಿ ಒಂದು ಕಿಲೋ ಸವತೆಕಾಯಿ ಕೊಂಡು ‘ಮೇಲೊಂದು ಹಾಕು’ ಅನ್ನುತ್ತೇವಲ್ಲ, ಅಷ್ಟು.

ಬಸವಕಲ್ಯಾಣದಲ್ಲಿ ಬಸ್ಸು ಹತ್ತುವಾಗ ಹೆಂಡತಿ ನನ್ನ ಜೇಬಿಗೆ ಕರಿದಾರ ತುರುಕಿದಳು. “ಗಾಜಿನಾಗ ಇಟ್ಟು ಎಲ್ಲಾರೂ ನೋಡಾಕತ್ತಾರ. ದೃಷ್ಟಿ ಆಗದ ಇರ್ತದೇನ್ರಿ? ಕಾಲಿಗೆ ಕಟ್ಟಿ ಬರ್ರಿ.”

ದಿನಕ್ಕೊಬ್ಬರನ್ನು ಐದು ನಿಮಿಷ ಒಳಗೆ ಬಿಡುತ್ತಿದ್ದರು. ನೋಡಲಿಕ್ಕೆ, ಮುಟ್ಟಲಿಕ್ಕಲ್ಲ. ನರ್ಸ್ ನಸ್ರೀನ್ ಬೇರೆ ಕೂಸಿನ ಕಡೆ ತಿರುಗಿದ್ದೇ ತಡ, ಪೆಟ್ಟಿಗೆಯ ಕಿಂಡಿಯೊಳಗೆ ಕೈ ಹಾಕಿ ಕಟ್ಟಿಬಿಟ್ಟೆ. ಬೇರೆ ಕೂಸುಗಳಿಗೆ ಒಂದು ಸುತ್ತಿಗೇ ಮುಗಿಯುವ ದಾರ, ಮೂರು ಸುತ್ತು ಬಂತು. (ಭಯವಾಗಬೇಕಿತ್ತು. ಆದದ್ದು ಹೆಮ್ಮೆ.)

“ಯಾರ್ದ್ರಿ ಈ ಕಾರಭಾರ?” ನಸ್ರೀನ್ ದಾರ ಕತ್ತರಿಸಿದಳು. “ಕಾಕಾ, ಜೇಬಿನಾಗ ಇನ್ನೇನೇನ ಅದ? ಬಸ್ ಟಿಕೀಟು, ಅಡಕಿ, ಕರ್ಚೀಫು?”

ಮೂರೂ ಇದ್ದವು.

“ಅವನ್ನೆಲ್ಲಾ ಸವರಿಕೊಂಡು ಬಂದದ ನೋಡ್ರಿ ನಿಮ್ಮ ದಾರ.”

ಅದಾದ ಮೂರನೆಯ ದಿನ ಕೂಸು ಹಾಲು ಬಿಟ್ಟಿತು. ಉಸಿರು ನಡುನಡುವೆ ನಿಲ್ಲತೊಡಗಿತು. “ರಕ್ತಕ್ಕ ಸೋಂಕು,” ಅಂದರು ಡಾಕ್ಟರು. “ಹುಟ್ಟುವಾಗ ಬಂದದ್ದಲ್ರಿ. ಇಲ್ಲೇ ಅಂಟಿಕೊಂಡದ.”

ಉಳಿಸಲೆಂದು ಇಟ್ಟ ಜಾಗದಲ್ಲೇ?

“ನನ್ನ ದಾರದಿಂದೇನ್ರಿ?”

“ಇರಬಹುದು. ನಾವು ಹಾಕಿದ ನಳಿಕಿಯಿಂದಾನೂ ಇರಬಹುದು. ನಮ್ಮ ಕೈಯಿಂದಾನೂ.”

ಆಮೇಲೆ ಕಿಟಕಿಯಾಚೆ ನಿಂತೇ ನೋಡಿದೆ. ಕೂದಲೆಳೆಯಂಥ ನರಕ್ಕೆ ಔಷಧಿ ಹನಿಹನಿಯಾಗಿ ಇಳಿಯುತ್ತಿತ್ತು. ಕೂಸಿನ ಎದೆ ನನ್ನ ಮೂರು ಬೆರಳಗಲ. ಅದು ಏಳುತ್ತಿತ್ತು, ಇಳಿಯುತ್ತಿತ್ತು, ನಿಲ್ಲುತ್ತಿತ್ತು. ನಸ್ರೀನ್ ಅಂಗಾಲಿಗೆ ಬೆರಳಿನಿಂದ ತಟ್ಟುತ್ತಿದ್ದಳು. ಮತ್ತೆ ಏಳುತ್ತಿತ್ತು! ಅಷ್ಟು ಸಣ್ಣ ಜೀವಕ್ಕೆ ಅಷ್ಟು ಹಟ ಎಲ್ಲಿಂದ ಬಂತು?

ಒಂದು ಕೂಸಿನಿಂದ ಇನ್ನೊಂದು ಕೂಸಿಗೆ ಹೋಗುವಾಗಲೆಲ್ಲ ಅವಳು ಕೈ ತೊಳೆಯುತ್ತಿದ್ದಳು. ಗೆಣ್ಣುಗಳೆಲ್ಲ ಬಿರುಕು ಬಿಟ್ಟಿದ್ದವು. ನಾನು ನೋಡುತ್ತಿದ್ದುದನ್ನು ಕಂಡು ನಕ್ಕಳು: “ಮನ್ಯಾಗ ಖಾರ ಮುಟ್ಟಿದ್ರ ಜೀವಾನೇ ಹೋಗ್ತದ್ರಿ ಕಾಕಾ.” ಇಷ್ಟು ವಯಸ್ಸಾದರೂ ನಾನು ಒಬ್ಬರ ಕೈಯನ್ನು ಸರಿಯಾಗಿ ನೋಡಿಯೇ ಇರಲಿಲ್ಲ.

ಆ ಕೂಸು ಈಗ ಬಸವಕಲ್ಯಾಣದ ನಮ್ಮ ಮನೆಯಲ್ಲಿ ನನ್ನ ಕನ್ನಡಕ ಕೀಳುತ್ತದೆ. ಹೆಂಡತಿ ಹೊಸ ಕರಿದಾರ ಕಟ್ಟಿದ್ದಾಳೆ, ಕುದಿಸಿ. ಒಂದೇ ಸುತ್ತು.

ಮೊನ್ನೆ ಮಗಳು ಕೇಳಿಯೇಬಿಟ್ಟಳು: “ಅಪ್ಪಾ, ಅವತ್ತು ಕೈ ತೊಳಕೊಂಡೇ ಮುಟ್ಟಿದ್ದಿ, ಹೌದಿಲ್ಲೋ?”

ಗೊತ್ತಿಲ್ಲ.