ಹೊಸ್ತಿಲ ಮುಂದಿನ ಚಪ್ಪಲಿ

ದೆವ್ವ ಕಂಡೆ ಎಂದವರಿಗೆ, ಕನ್ನಡಕ ಬದಲಿಸಿಕೊಳ್ಳಿ ಎಂದು ಹೇಳಿ ನಗುತ್ತಿದ್ದವನು ನಾನು. ಹಾಗೆ ಎಷ್ಟು ಜನರ ಮುಖ ಸಣ್ಣದು ಮಾಡಿದ್ದೇನೋ ನೆನಪಿಲ್ಲ. ಈಗ ನೀವು ನನ್ನನ್ನು ನೋಡಿ ನಕ್ಕರೆ ನನ್ನ ತಕರಾರಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ಪೊಲೀಸ್ ಆಕ್ಷನ್ ಆಗಿ ಎರಡು ವರ್ಷವಾಗಿತ್ತು. ನಾವಿನ್ನೂ ಹೈದರಾಬಾದ್ ರಾಜ್ಯದಲ್ಲೇ ಇದ್ದೆವು. ನಾನು ಕಲಬುರಗಿಯ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರ. ಮಸಿ ಹಿಡಿದ ದೇವರ ಪಟಗಳನ್ನು ಚೊಕ್ಕಟ ಮಾಡಿಕೊಡುವುದು ನನ್ನ ಇನ್ನೊಂದು ಕಸುಬು. ಒಂದು ದಿನ ಕಮಲಾಪುರದ ರೈತ ಮಲ್ಲಣ್ಣ ಒಂದು ಹಲಗೆಯನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಂದ. ಹಲಗೆಯ ಮೇಲೆ ಬಣ್ಣದ ಚಿತ್ರ. ಬರೆದವರ ಹೆಸರು ಎಲ್ಲೂ ಇರಲಿಲ್ಲ.

ಪೊಲೀಸ್ ಆಕ್ಷನ್ನಿಗೆ ಮೊದಲಿನ ಗಲಾಟೆಯ ದಿನಗಳಲ್ಲಿ ಅವನ ಮನೆಯವರೆಲ್ಲ ಊರು ಬಿಟ್ಟು ಸೊಲ್ಲಾಪುರದ ಕಡೆ ಹೋಗಿದ್ದರಂತೆ. ಅದಕ್ಕೂ ನಾಲ್ಕು ದಿನ ಮೊದಲು ಮನೆಯಿಂದ ಹೊರಟ ಅವನ ತಮ್ಮ ತಿರುಗಿ ಬಂದಿರಲಿಲ್ಲ. ಎಲ್ಲ ತಣ್ಣಗಾದ ಮೇಲೆ ಇವರು ಮರಳಿದಾಗ ಮನೆಯಲ್ಲಿ ಒಂದು ಕೊಡವೂ ಉಳಿದಿರಲಿಲ್ಲ. ಆದರೆ ಮೊದಲು ಯಾರೂ ಕಂಡಿರದ ಈ ಚಿತ್ರ ಪಡಸಾಲೆಯ ಗೂಟಕ್ಕೆ ತೂಗುತ್ತಿತ್ತು. ಅದರಲ್ಲಿದ್ದದ್ದು ಅವರದೇ ಮನೆಯ ಬಾಗಿಲು. ಆ ತಮ್ಮ ಸುಣ್ಣ, ಕೆಮ್ಮಣ್ಣು ಹಿಡಿದು ಗೋಡೆಯ ಮೇಲೆ ಎತ್ತು, ಕುದುರೆ ಬರೆಯುತ್ತಿದ್ದವನು. ಇದನ್ನು ಅವರೇ ಬರೆದದ್ದು, ನಾವು ಹೋದ ಮೇಲೆ ಬಂದು ಹೋಗಿದ್ದಾರೆ, ಜೀವಂತ ಇದ್ದಾರೆ ಎಂದು ತಮ್ಮನ ಹೆಂಡತಿ ಶರಣಮ್ಮ ಹಟ ಹಿಡಿದಿದ್ದಳು.

"ಎರಡು ವರ್ಷ ಆತ್ರೀ ಮಾಸ್ತರ. ಹಿರ್ಯಾರು ಆಕಿ ಬಳಿ ತೆಗಸ್ರಿ ಅನ್ನಾಕತ್ತಾರ. ಆಕಿ ಕೇಳವಲ್ಲಳು," ಎಂದ ಮಲ್ಲಣ್ಣ. "ಯಾರು ಬರದಾರ, ಯಾವಾಗ ಬರದಾರ, ನೀವ ನೋಡಿ ಹೇಳ್ರಿ. ನಿಮ್ಮ ಮಾತಿಗೆ ಎಲ್ಲಾರೂ ಒಪ್ತೇವಿ."

ಒಬ್ಬ ಹೆಣ್ಣುಮಗಳ ಬಳೆ ನನ್ನ ಒಂದು ಮಾತಿನ ಮೇಲೆ ನಿಂತಿದೆ ಎಂದು ತಿಳಿದು ನನಗೆ ಹೆದರಿಕೆಯೇ ಆಯಿತು.

ಜೋಳದ ಹಿಟ್ಟನ್ನು ಗಟ್ಟಿಯಾಗಿ ನಾದಿ, ಉಂಡೆ ಮಾಡಿ, ಚಿತ್ರದ ಮೇಲೆ ಹಗುರಾಗಿ ಒತ್ತುತ್ತ ಹೋದರೆ ಮಸಿ ಹಿಟ್ಟಿಗೆ ಹತ್ತಿ ಬರುತ್ತದೆ. ಮೂರು ದಿನ ಅದೇ ಕೆಲಸ. ಬಾಗಿಲು ಕಂಡಿತು, ದೀಪದ ಗೂಡು ಕಂಡಿತು, ಹೊಸ್ತಿಲು, ಅದರ ಮುಂದೆ ಬರೀ ಹಾಸುಗಲ್ಲು. ಬಣ್ಣವೆಲ್ಲ ಒಣಗಿದ ಕೆರೆಯ ಮಣ್ಣಿನಂತೆ ಬಿರುಕು ಬಿಟ್ಟಿತ್ತು, ಮಸಿ ಬಿರುಕಿನ ಒಳಗೂ ಇಳಿದಿತ್ತು. ಮೂವತ್ತು ವರ್ಷಕ್ಕೆ ಕಡಿಮೆಯಿಲ್ಲದ ಚಿತ್ರ. ಅಜ್ಜನ ಕಾಲದಲ್ಲಿ ಊರೂರು ತಿರುಗುವ ಯಾರೋ ಚಿತ್ರಗಾರ ಬರೆದಿರಬೇಕು. ಅಟ್ಟದಲ್ಲಿ ಬಿದ್ದದ್ದನ್ನು ದೋಚಲು ಬಂದವರು ಎಳೆದು ಗೂಟಕ್ಕೆ ಸಿಕ್ಕಿಸಿ ಹೋಗಿರಬೇಕು. ಶರಣಮ್ಮನ ಗಂಡ ಬರೆದದ್ದಂತೂ ಅಲ್ಲ.

ರವಿವಾರ ಅದನ್ನು ಹಳೆಯ ಧೋತರದಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಮಹಾಗಾಂವ ದಾಟುವವರೆಗೂ ಸುಳ್ಳು ಹೇಳಿಬಿಡಲೇ ಎಂದು ಯೋಚಿಸಿದೆ. ಗಾಯದ ಮೇಲೆ ಬರೆ ಎಳೆಯುವ ಕೆಲಸ ನನ್ನ ಪಾಲಿಗೇ ಬರಬೇಕಿತ್ತೇ ಎಂದು ಸಂಕಟವಾಗುತ್ತಿತ್ತು. ಕೊನೆಗೆ ನಿಜವನ್ನೇ ಹೇಳುವುದೆಂದು ಮನಸ್ಸು ಗಟ್ಟಿ ಮಾಡಿಕೊಂಡೆ.

ಮಧ್ಯಾಹ್ನ. ಮಲ್ಲಣ್ಣನ ಪಡಸಾಲೆಯಲ್ಲಿ ಐದಾರು ಹಿರಿಯರು ಕೂತಿದ್ದರು. ಧೋತರ ಬಿಚ್ಚಿ ಚಿತ್ರವನ್ನು ಶರಣಮ್ಮನ ಕೈಗೆ ಕೊಟ್ಟೆ. "ತಂಗಿ, ಒಂದ ಮಾತು..." ಎಂದು ಶುರು ಮಾಡಿದೆ. ಆಕೆ ಕೇಳಿಸಿಕೊಳ್ಳಲಿಲ್ಲ. ಚಿತ್ರದ ಕೆಳಗಿನ ಮೂಲೆಯನ್ನು ಬೆರಳಿಂದ ಮುಟ್ಟಿ, ತಟ್ಟನೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಚಪ್ಪಲಿ ನೋಡ್ರಿ," ಎಂದಳು. "ಅವರು ಹೊಂಟಾಗ ಇದೇ ಹೊಸ್ತಿಲದಾಗ ಎಡಗಾಲ ಚಪ್ಪಲಿ ಉಂಗುಟ ಹರೀತು. ಸೆರಗು ಹರದು ಹಸರ ಚಿಂದಿ ಕಟ್ಟಿಕೊಟ್ಟಿದ್ದೆ. ಯಾರೂ ನೋಡಿಲ್ಲ, ಯಾರಿಗೂ ಹೇಳಿಲ್ಲ. ಈಗ ನೋಡ್ರಿ, ತುದಿ ಬಾಗಲ ಕಡೆ ಮಾಡಿ ಬಿಟ್ಟಾರ. ಮನಿ ಒಳಗ ಬಂದಾರ."

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ನಾನು ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿದೆ. ನಾನೇ ಮೂರು ದಿನ ಒತ್ತಿ ಒತ್ತಿ ತೆಗೆದ ಹಾಸುಗಲ್ಲಿನ ಮೇಲೆ ಒಂದು ಜೋಡಿ ಚಪ್ಪಲಿ ಇತ್ತು. ಎಡಗಾಲಿನದಕ್ಕೆ ಹಸಿರು ಚಿಂದಿ.

ಮಲ್ಲಣ್ಣ ನನ್ನ ಮುಖ ನೋಡಿದ. "ಮಾಸ್ತರ, ನೀವೇನರ ಬರದೀರೇನ್ರಿ?"

"ಇಲ್ಲಪ್ಪ, ನಾ ಬರದಿಲ್ಲ," ಎಂದೆ. ಅದು ನಿಜ. ಚಿತ್ರ ಹಳೆಯದೆಂಬ ಇನ್ನೊಂದು ನಿಜವನ್ನು ನುಂಗಿಕೊಂಡೆ. ಹಿರಿಯರು ಒಬ್ಬೊಬ್ಬರಾಗಿ ಎದ್ದು ಹೋದರು. ಬಳೆ ಉಳಿದವು.

ಗಂಡ ಬರಲಿಲ್ಲ. ಇಪ್ಪತ್ತು ವರ್ಷದ ಮೇಲೆ, ದವಾಖಾನೆಗೆಂದು ಕಲಬುರಗಿಗೆ ಬಂದ ಶರಣಮ್ಮ ನನ್ನನ್ನು ಹುಡುಕಿಕೊಂಡು ಮನೆಗೆ ಬಂದಳು. ತಲೆ ಬೆಳ್ಳಗಾಗಿತ್ತು. ಕೈತುಂಬ ಬಳೆ ಹಾಗೇ ಇದ್ದವು.

"ಅವತ್ತು ಆ ಹಸರ ಬಣ್ಣ ಇನ್ನೂ ಹಸೀನ ಇತ್ರೀ, ಬೆರಳಿಗೆ ಹತ್ತಿತ್ತು," ಎಂದಳು, ಚಹಾದ ಬಸಿ ಕೆಳಗಿಟ್ಟು. "ಸೆರಗಿನಾಗ ಒರಸಿಕೊಂಡೆ. ಕರುಣಾ ಬಂದು ನೀವ ಬರದೀರಿ ಅಂತ ಆಗ ತಿಳಕೊಂಡೆ. ನಿಮ್ಮ ಉಪಕಾರ ಮರ್ತಿಲ್ಲ."

ನಾನು ಬರೆದಿಲ್ಲವೆಂದು ಆಣೆ ಮಾಡಿ ಹೇಳಿದೆ. ಆಕೆ ನಂಬದೆ ನಕ್ಕಳು.

"ಇರ್ಲಿ ಬಿಡ್ರಿ. ಒಂದ ಮಾತು ಹೇಳ್ರಿ. ಚಿಂದಿ ಕಟ್ಟಿದ್ದು ನನಗೂ ಅವರಿಗೂ ಬಿಟ್ರ ಯಾರಿಗೂ ಗೊತ್ತಿಲ್ಲ. ನಿಮಗ ಯಾರು ಹೇಳಿದ್ರು?"

ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನಾನು ಅವಳ ಗಂಡನನ್ನು ಎಲ್ಲೋ ಕಂಡಿದ್ದೆ, ಅವನೇ ಹೇಳಿದ ಎಂಬ ಒಂದು ಮಾತಿಗಾಗಿ ಆಕೆ ಇಪ್ಪತ್ತು ವರ್ಷ ಕಾದಿದ್ದಳೆಂದು ಆಗ ತಿಳಿಯಿತು. ಕೊಡಲು ಆ ಮಾತು ನನ್ನಲ್ಲಿ ಇರಲಿಲ್ಲ. ಇವತ್ತಿಗೂ ಇಲ್ಲ.